ಮುಡಿ, ಕಳಸೆ, ದಶಾಂಶ: ಶ್ರಾವಕನ ವ್ಯವಹಾರಗಣಿತ

ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅವುಗಳನ್ನು ಎಣಿಸುವಾಗ ಉಮಾಸ್ವಾಮಿ ಆಚಾರ್ಯರು ‘ಹೀನಾಧಿಕಮಾನೋನ್ಮಾನ’ವನ್ನು ನಾಲ್ಕನೆಯದಾಗಿ ಹೇಳಿದ್ದಾರೆ. ಮಾನವೆಂದರೆ ಧಾನ್ಯವನ್ನಳೆಯುವ ಅಳತೆ. ಉನ್ಮಾನವೆಂದರೆ ತಕ್ಕಡಿಯ ತೂಕ. ಕೊಡುವಾಗ ಕಿರಿದಾದುದರಿಂದಲೂ ಕೊಳ್ಳುವಾಗ ಹಿರಿದಾದುದರಿಂದಲೂ ಅಳೆಯುವುದೇ ಈ ದೋಷವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಸುಳ್ಳು ಸೇರನ್ನು ಅಂಗಡಿಯಲ್ಲಿರಿಸದ ಸಜ್ಜನನೂ ಲೆಕ್ಕದ ಪುಸ್ತಕದಲ್ಲಿ ಅಜಾಗರೂಕತೆಯಿಂದ ಇದೇ ಫಲವನ್ನು ಉಂಟುಮಾಡಬಲ್ಲನು. ಆದುದರಿಂದಲೇ ನಮ್ಮ ಪೂರ್ವಾಚಾರ್ಯರು ಗಣಿತವನ್ನು ಕೇವಲ ವರ್ತಕರ ವಿದ್ಯೆಯೆಂದು ಬದಿಗೆ ಸರಿಸಲಿಲ್ಲವೆಂದು ತೋರುತ್ತದೆ.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರಲ್ಲಿ ಖಗೋಲದ ಗೊಡವೆಯಿಲ್ಲ. ಗಣಿತವೇ ಅದರ ವಿಷಯ. ಸಂಖ್ಯಾಸ್ಥಾನಗಳನ್ನು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕಾಗಿ ಹೆಸರಿಸಿ, ಕಲಾಸವರ್ಣದಲ್ಲಿ ಭಿನ್ನರಾಶಿಗಳನ್ನೂ, ಮಿಶ್ರಕದಲ್ಲಿ ಬಡ್ಡಿ ಹಾಗೂ ಬಂಗಾರದ ಬೆರಕೆಯನ್ನೂ ಅವರು ವಿಸ್ತರಿಸುತ್ತಾರೆ. ಉದಾಹರಣೆಗಳೆಲ್ಲ ಬದುಕಿನಿಂದಲೇ ಬಂದವು: ಜಿನಾಲಯಗಳಿಗೆ ಅರ್ಪಿಸಿದ ಹೂವು, ಹಣ್ಣು ಹಂಚಿಕೊಂಡ ಜನ, ಸಾಲ ಕೊಟ್ಟ ಧನಿಕ. ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಬರೆದು ಈ ವಿದ್ಯೆಯನ್ನು ಕನ್ನಡಕ್ಕೆ ಇಳಿಸಿದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದಾಗ ಬಳಸಿದ ಪ್ರತಿಗಳಲ್ಲಿ ಮೂಡುಬಿದಿರೆಯ ಜೈನಮಠದ ತಾಳೆಗರಿಯಿಂದ ತೆಗೆದ ನಕಲೂ ಒಂದಾಗಿತ್ತು. ಧವಲಾದಿ ಸಿದ್ಧಾಂತಗ್ರಂಥಗಳನ್ನು ಕಾಪಾಡಿದ ಊರು ಈ ಗಣಿತಗ್ರಂಥವನ್ನೂ ಕಾಪಾಡಿತೆಂಬುದನ್ನು ನಮ್ಮವರು ಅಷ್ಟಾಗಿ ನೆನೆಯುವುದಿಲ್ಲ. ಡಾ. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು.

ಇಲ್ಲಿ ಒಂದು ವಿವೇಚನೆ ಅಗತ್ಯ. ಹತ್ತರ ಸ್ಥಾನಪದ್ಧತಿ ನಮ್ಮ ಆಚಾರ್ಯರಿಗೆ ಕರತಲಾಮಲಕವಾಗಿದ್ದರೂ, ಒಂದಕ್ಕಿಂತ ಕಿರಿದಾದುದನ್ನು ಅವರು ಅಂಶ-ಛೇದಗಳ ಭಿನ್ನರಾಶಿಯಾಗಿಯೇ ಬರೆಯುತ್ತಿದ್ದರು. ಬಿಂದುವಿನ ಬಲಕ್ಕೂ ಸ್ಥಾನಗಳನ್ನು ಬೆಳೆಸುವ ದಶಾಂಶಲೇಖನವು ಯೂರೋಪಿನ ಮಾರ್ಗವಾಗಿ ನಮಗೆ ಬಂದದ್ದು. ಅಲ್ಲಿ ಸೈಮನ್ ಸ್ಟೆವಿನ್ 1585ರಲ್ಲಿ ಅದನ್ನು ಪ್ರಚುರಪಡಿಸಿದನು. ಇದೂ ಮಹಾವೀರಾಚಾರ್ಯರಲ್ಲಿ ಇತ್ತೆಂದು ಅಭಿಮಾನದಿಂದ ಹೇಳುವುದು ಸತ್ಯವ್ರತಕ್ಕೆ ಸಲ್ಲದು.

ತುಳುನಾಡಿನ ಅಳತೆಯಾದರೋ ಹತ್ತಕ್ಕೆ ಒಗ್ಗದು. ಹದಿನಾಲ್ಕು ಸೇರಿಗೆ ಒಂದು ಕಳಸೆ. ಮೂರು ಕಳಸೆಗೆ, ಎಂದರೆ ನಲವತ್ತೆರಡು ಸೇರಿಗೆ, ಒಂದು ಮುಡಿ. ಬಸದಿಯ ಗದ್ದೆಯೊಂದರ ಗೇಣಿ 7 ಮುಡಿ 2 ಕಳಸೆ 5 ಸೇರು ಅಕ್ಕಿಯೆಂದು ಭಾವಿಸೋಣ. ಸೇರಿಗೆ ತಂದರೆ 294 ಮತ್ತು 33, ಒಟ್ಟು 327. ಇದನ್ನೇ ಮುಡಿಯ ದಶಾಂಶದಲ್ಲಿ ಬರೆಯಹೊರಟರೆ 33ನ್ನು 42ರಿಂದ ಭಾಗಿಸಬೇಕು, 0.785714 ಎಂದು ಮುಗಿಯದೆ ಸಾಗುತ್ತದೆ. ಎರಡು ಸ್ಥಾನಕ್ಕೆ ಏರಿಸಿ 7.79 ಎಂದು ಬರೆದರೆ 327.18 ಸೇರಾಯಿತು. ಕಡಿದು 7.78 ಎಂದರೆ 326.76. ವರ್ಷಕ್ಕೆ ಒಂದು ಹಿಡಿಯಷ್ಟರ ಮಾತೆಂದು ಯಾರಾದರೂ ನಕ್ಕಾರು. ದೇವರ ಗೇಣಿ ತಲೆಮಾರುಗಳ ಸಂಬಂಧ. ನೂರು ವರ್ಷದಲ್ಲಿ ಮೊದಲ ಬರಹದಿಂದ ಒಕ್ಕಲಿನವನು 18 ಸೇರು, ಎಂದರೆ ಒಂದು ಕಳಸೆಗೂ ಮಿಗಿಲಾಗಿ, ಹೆಚ್ಚು ಅಳೆದಿರುತ್ತಾನೆ. ಎರಡನೆಯದರಿಂದ ದೇವದ್ರವ್ಯಕ್ಕೆ 24 ಸೇರು ನಷ್ಟ. ಕಳಸೆಯಲ್ಲಿ ಅಳೆದುದನ್ನು ಕಳಸೆಯಲ್ಲಿಯೇ ಬರೆದಿಟ್ಟ ಹಿರಿಯರ ಕ್ರಮ ಇಲ್ಲಿ ನಿರ್ದುಷ್ಟವಾಗಿತ್ತು. 1974ರ ಭೂಸುಧಾರಣೆಯೊಂದಿಗೆ ಗೇಣಿಯ ಪದ್ಧತಿಯೇ ಕೊನೆಗೊಂಡಿತು.

ನಾಣ್ಯದಲ್ಲಿ ಈ ಪ್ರಶ್ನೆ 1957ರ ಏಪ್ರಿಲ್ 1ರಂದು ಬಂಟವಾಳ, ಬೆಳ್ತಂಗಡಿಯ ಪೇಟೆಗಳಿಗೂ ಬಂದಿತು. ಹದಿನಾರು ಆಣೆಯ ರೂಪಾಯಿ ಅಂದು ನೂರು ನಯಾಪೈಸೆಯಾಯಿತು. ಒಂದಾಣೆಗೆ ಸಲ್ಲುವುದು 6.25. ಕಾಲು ಪೈಸೆಯ ನಾಣ್ಯವಿಲ್ಲದ್ದರಿಂದ ಸರಕಾರದ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಗೊತ್ತುಮಾಡಿದರು. ಒಂದೊಂದಾಣೆಯ ಹದಿನಾರು ಬಾಬುಗಳನ್ನು ಬಿಡಿಬಿಡಿಯಾಗಿ ಪರಿವರ್ತಿಸಿದರೆ 96 ಪೈಸೆ ಮಾತ್ರ. ಮೊದಲು ಕೂಡಿ ಅನಂತರ ಪರಿವರ್ತಿಸಿದರೆ ತುಂಬಿದ ರೂಪಾಯಿ. ಮೂರಾಣೆಯ ನಾಲ್ಕು ಸರಕುಗಳಿಗೆ ಬಿಡಿಯಾಗಿ 76, ಒಟ್ಟಾಗಿ 75. ಕೊಳ್ಳುವಾಗ ಒಂದು ರೀತಿ, ಕೊಡುವಾಗ ಇನ್ನೊಂದು ರೀತಿ ಹಿಡಿದ ವರ್ತಕನಿಗೆ ಎರಡು ಸೇರುಗಳ ಅಗತ್ಯವೇ ಇರಲಿಲ್ಲ! ದಶಾಂಶವನ್ನು ಕೊನೆಯವರೆಗೂ ಉಳಿಸಿಕೊಂಡು ಒಮ್ಮೆ ಮಾತ್ರ ಸರಿಹೊಂದಿಸುವುದು ಇಬ್ಬರಿಗೂ ನ್ಯಾಯವಾದ ಕ್ರಮ. ಬಸದಿಗಳ ಶಾಶ್ವತಪೂಜಾ ನಿಧಿಯ ಬಡ್ಡಿಯನ್ನು ದಾನಿಗಳ ಹೆಸರಿನಲ್ಲಿ ಹಂಚುವಾಗಲೂ ಇದೇ ಕ್ರಮ ಯುಕ್ತ.

ಇಂದು ಬಸದಿಯ ಆಡಳಿತದವರು ಹೆಚ್ಚು ಎಚ್ಚರವಹಿಸಬೇಕಾದುದು ಭೂಮಿಯ ಪತ್ರಗಳಲ್ಲಿ. ನಮ್ಮ ಜಿಲ್ಲೆಯಲ್ಲಿ ಎಕರೆಗೆ ನೂರು ಸೆಂಟ್ಸ್. 3 ಎಕರೆ 5 ಸೆಂಟ್ಸ್ ಎಂದರೆ 3.05. ಸೊನ್ನೆಯನ್ನು ಮರೆತು 3.5 ಎಂದು ಬರೆದರೆ ಇಲ್ಲದ 45 ಸೆಂಟ್ಸ್ ಕಾಗದದಲ್ಲಿ ಹುಟ್ಟಿಕೊಳ್ಳುತ್ತದೆ. ನೆರೆಯವನೊಡನೆ ವ್ಯಾಜ್ಯವೂ ಅದರ ಹಿಂದೆಯೇ ಬರುತ್ತದೆ. ಘಟ್ಟದ ಮೇಲಿನ ದಾನಪತ್ರವಾದರೆ ಮತ್ತೊಂದು ತೊಡಕು: ಅಲ್ಲಿ ಎಕರೆಗೆ ನಲವತ್ತು ಗುಂಟೆ. 3 ಎಕರೆ 5 ಗುಂಟೆಯನ್ನು ದಶಾಂಶಕ್ಕೆ ತಂದರೆ 3.125, ಎಂದರೆ ನಮ್ಮ ಲೆಕ್ಕದಲ್ಲಿ 3 ಎಕರೆ ಹನ್ನೆರಡೂವರೆ ಸೆಂಟ್ಸ್. ಎರಡೂ ಕಡೆ ಆಸ್ತಿಯುಳ್ಳ ಬಸದಿಗಳು ವಹಿಯಲ್ಲಿ ಅಂಕಿಯ ಪಕ್ಕದಲ್ಲಿ ಸೆಂಟ್ಸೋ ಗುಂಟೆಯೋ ಎಂಬುದನ್ನು ಅಕ್ಷರದಲ್ಲಿಯೇ ಬರೆದಿಡುವುದು ಲೇಸು.