ಬೇಗೂರಿನ ಎರಡು ಕಲ್ಲುಗಳೂ 'ವ್ಯಾಲರ್' ಎಂಬ ಪದವೂ

ಇಂಗ್ಲಿಷಿನ 'ವ್ಯಾಲರ್' ಎಂಬ ಪದ ಇಂದು ಆಡುಮಾತಿನಿಂದ ಮರೆಯಾಗಿ, ಸೇನಾಪದಕಗಳ ಬಿನ್ನವತ್ತಳೆಗಳಲ್ಲಿ ಮತ್ತು ಹಳೆಯ ಅನುವಾದಗಳಲ್ಲಿ ಉಳಿದಿದೆ. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಇದಕ್ಕೆ ಯೋಗ್ಯತೆ, ಬೆಲೆ ಎಂಬ ಅರ್ಥವೂ ಇತ್ತು. ಬರಬರುತ್ತ ರಣರಂಗದ ಕೆಚ್ಚಿಗೆ ಸೀಮಿತವಾಯಿತು. ಕನ್ನಡ ಶಾಸನಗಳನ್ನು ಇಂಗ್ಲಿಷಿಗೆ ತರುವವರಿಗೆ ತೊಡಕಾಗುವುದು ಈ ಸೀಮೆಯೇ.

ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ, ಬೆಂಗಳೂರಿನ ಕಾಳಗದಲ್ಲಿ ಮಡಿದವನನ್ನು ಸ್ಮರಿಸುವ ಸುಮಾರು ಕ್ರಿ.ಶ. 890ರ ವೀರಗಲ್ಲಿದೆ. ಅವನ ಗುಣಕ್ಕೆ 'ವ್ಯಾಲರ್' ನಿಸ್ಸಂಶಯವಾಗಿ ಒಪ್ಪುತ್ತದೆ. ಆದರೆ ಇದೇ ಊರಿನಲ್ಲಿ ನಾಗತ್ತರನ ಮಗಳು ತೊಂಡಬ್ಬೆ ಸಲ್ಲೇಖನದಿಂದ ಮುಡಿಪಿದುದನ್ನು ಹೇಳುವ ಕಲ್ಲೂ ಉಂಟು. ಇಲ್ಲಿ ಕತ್ತಿಯಿಲ್ಲ, ಶತ್ರುವಿಲ್ಲ. 'ವ್ಯಾಲರ್' ಎಂದರೆ ಅಪಹಾಸ್ಯವೇ ಆದೀತು. 'ಫಾರ್ಟಿಟ್ಯೂಡ್' ಹತ್ತಿರದ ಪದವೇನೋ ನಿಜ. ಆದರೆ ಅದು ಬಂದೊದಗಿದ ಕಷ್ಟವನ್ನು ತಾಳಿಕೊಳ್ಳುವವರ ಪದ. ತೊಂಡಬ್ಬೆಯದು ತಾನೇ ಬಯಸಿ ಕೈಕೊಂಡ ವ್ರತ.

ಕನ್ನಡಕ್ಕೆ ಈ ಸಂಕಟವಿಲ್ಲ. ಯುದ್ಧವನ್ನೇ ಮಾಡದ ವರ್ಧಮಾನನನ್ನು 'ಮಹಾವೀರ'ನೆಂದು ಕರೆದ ಪರಂಪರೆಯಲ್ಲಿ 'ವೀರ' ಶಬ್ದ ಇಬ್ಬರಿಗೂ ಸಲ್ಲುತ್ತದೆ. ಕಲ್ಲುಗಳ ಹೆಸರು ಮಾತ್ರ ಬೇರೆ: ಒಂದು ವೀರಗಲ್ಲು, ಇನ್ನೊಂದು ನಿಸಿದಿ.