ಶನಿವಾರ ಮಧ್ಯಾಹ್ನದ ಜನಸಾಗರ

ಕಾಸು ಕೊಟ್ಟು ಮೈದಾನಕ್ಕೆ ಹೋಗಿ, ಮುಖಪರಿಚಯವೂ ಇಲ್ಲದ ಆಟಗಾರರಿಗಾಗಿ ಗಂಟಲು ಹರಿದುಕೊಳ್ಳುವುದು ನಮಗಿಂದು ಸಹಜವಾಗಿ ಕಾಣುತ್ತದೆ. ಜಾತ್ರೆಯ ಕುಸ್ತಿ, ರೋಮಿನ ರಥಸ್ಪರ್ಧೆ ಹಳೆಯವು, ನಿಜ. ಆದರೆ ವಾರವಾರವೂ ತನ್ನೂರ ತಂಡದ ಬೆನ್ನು ಹತ್ತುವ ಫುಟ್‌ಬಾಲ್ ಪ್ರೇಕ್ಷಕ ರೂಪುಗೊಂಡದ್ದು ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟನ್ನಿನ ಕೈಗಾರಿಕಾ ಪಟ್ಟಣಗಳಲ್ಲಿ.

ಅವನಿಗೆ ಮೊದಲು ಬೇಕಾದದ್ದು ಬಿಡುವು. 1850ರ ಕಾರ್ಖಾನೆ ಕಾಯ್ದೆಯ ಪ್ರಕಾರ ಜವಳಿ ಗಿರಣಿಗಳ ಹೆಂಗಸರು ಮತ್ತು ಹರೆಯದವರ ಕೆಲಸ ಶನಿವಾರ ಎರಡು ಗಂಟೆಗೆ ಮುಗಿಯಬೇಕಿತ್ತು. ಅವರಿಲ್ಲದೆ ಯಂತ್ರಗಳು ನಡೆಯುವಂತಿರಲಿಲ್ಲ. ಹೀಗಾಗಿ ಗಂಡಸರಿಗೂ ಬಿಡುವು ಸಿಕ್ಕಿತು. ಹೆಂಗಸರ ಹೆಸರಿನಲ್ಲಿ ಬಂದ ಈ ರಜೆ ಬಹುಪಾಲು ಗಂಡಸರ ಆಟಕ್ಕೇ ಸಂದಿತೆಂಬುದು ಬೇರೆ ಮಾತು. ರೈಲು ದೂರದ ಊರಿಗೂ ಅಭಿಮಾನಿಗಳನ್ನು ಒಯ್ದಿತು. ತಂತಿಯ ಮೂಲಕ ಬಂದ ಫಲಿತಾಂಶವನ್ನು ಪತ್ರಿಕೆಗಳು ಅದೇ ಸಂಜೆ ಅಚ್ಚು ಹಾಕಿ ಮಾರಿದವು.

1872ರ ಮೊದಲ ಎಫ್.ಎ. ಕಪ್ ಫೈನಲ್ ನೋಡಿದವರು ಸುಮಾರು ಎರಡು ಸಾವಿರ ಮಂದಿ. ಆಗ ಫುಟ್‌ಬಾಲ್ ಸಿರಿವಂತರ ಶಾಲೆಗಳಲ್ಲಿ ಓದಿದವರ ಆಟ. 1883ರಲ್ಲಿ ನೇಕಾರರೂ ಇದ್ದ ಬ್ಲಾಕ್‌ಬರ್ನ್ ಒಲಿಂಪಿಕ್ ತಂಡ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳನ್ನು 2-1ರಿಂದ ಸೋಲಿಸಿ ಕಪ್ಪನ್ನು ಕೊಂಡೊಯ್ದಿತು. ಆಡಿದ್ದಕ್ಕೆ ಹಣ ಪಡೆಯುವುದು ಕೀಳೆಂದು ದೊಡ್ಡಮನುಷ್ಯರು ಮೂಗು ಮುರಿದರು. ಅದು ಉಳ್ಳವರ ನೀತಿ. ಕೂಲಿ ಬಿಟ್ಟು ಆಡಲು ಬಂದವನ ಮನೆಯಲ್ಲಿ ಒಲೆ ಉರಿಯಬೇಡವೇ? 1885ರಲ್ಲಿ ವೃತ್ತಿಪರ ಆಟಕ್ಕೆ ಒಪ್ಪಿಗೆ ದೊರೆಯಿತು. 1888ರಲ್ಲಿ ಹನ್ನೆರಡು ತಂಡಗಳ ಲೀಗ್ ಆರಂಭವಾಯಿತು. 1901ರ ಫೈನಲ್‌ಗೆ ಸೇರಿದವರು ಒಂದು ಲಕ್ಷ ಹತ್ತು ಸಾವಿರಕ್ಕೂ ಹೆಚ್ಚು.

ಇಷ್ಟು ಜನರಿಂದ ಬಂದ ಹಣ ಆಡುವವನ ಕೈಗೆ ಹೆಚ್ಚೇನೂ ತಲುಪಲಿಲ್ಲ. ಅದೇ 1901ರಲ್ಲಿ ಇಂಗ್ಲೆಂಡಿನ ಆಟಗಾರನ ಸಂಬಳಕ್ಕೆ ವಾರಕ್ಕೆ ನಾಲ್ಕು ಪೌಂಡಿನ ಮಿತಿ ಬಿತ್ತು. ಮೊತ್ತ ಆಮೇಲೆ ಏರಿತಾದರೂ ಮಿತಿಯೆಂಬುದು ಪೂರ್ತಿ ತೊಲಗಿದ್ದು 1961ರಲ್ಲಿ.

ನೋಡುವವನ ಸುರಕ್ಷತೆಯ ಯೋಚನೆಯೂ ಅಷ್ಟಕ್ಕಷ್ಟೆ. 1902ರ ಏಪ್ರಿಲ್ 5ರಂದು ಗ್ಲಾಸ್ಗೋ ನಗರದ ಐಬ್ರಾಕ್ಸ್ ಮೈದಾನದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಆಡುತ್ತಿದ್ದಾಗ, ಜನ ಕಿಕ್ಕಿರಿದು ನಿಂತಿದ್ದ ಮರದ ಅಟ್ಟಣೆ ಮುರಿದುಬಿತ್ತು. 25 ಮಂದಿ ಸತ್ತರು, ಐನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಸ್ವಲ್ಪ ಹೊತ್ತು ನಿಂತ ಪಂದ್ಯವನ್ನು ಮತ್ತೆ ಶುರುಮಾಡಿ, 1-1ರ ಸಮಬಲದಲ್ಲಿ ಮುಗಿಸಲಾಯಿತು. ಆ ಫಲಿತಾಂಶ ಅಧಿಕೃತ ದಾಖಲೆಗೆ ಸೇರಲಿಲ್ಲ. ಮುಂದಿನ ತಿಂಗಳು ಬರ್ಮಿಂಗ್‌ಹ್ಯಾಮಿನಲ್ಲಿ ಎರಡೂ ತಂಡಗಳು ಮತ್ತೆ ಆಡಿದವು.