ಕೆಡ್ಡಸದಿಂದ ಕಪ್ಪಿನವರೆಗೆ: ನಾನು ಪಾಠ ಮಾಡದೆ ಬಿಟ್ಟ ಅಧ್ಯಾಯ

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ದೂರವಾಣಿ ಮಾಡಿದ್ದಳು. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಸ್ವಲ್ಪ ತಡೆದು, “ಟೀಚರ್, ಮಗಳಿಗೆ ಹನ್ನೊಂದು ತುಂಬಿತು. ಇನ್ನು ಅವಳಿಗೆ ಎಲ್ಲ ಹೇಳಿಕೊಡಬೇಕು. ಅಂಗಡಿಯಲ್ಲಿ ಹತ್ತು ಬಗೆ ಇಟ್ಟಿದ್ದಾರೆ, ಯಾವುದು ಒಳ್ಳೆಯದೆಂದು ತಿಳಿಯುವುದಿಲ್ಲ. ನಮಗೆ ಯಾರೂ ಹೇಳಿಕೊಡಲೇ ಇಲ್ಲವಲ್ಲ” ಎಂದಳು. ಕೊನೆಯ ಮಾತನ್ನು ಅವಳು ದೂರಿನಂತೆ ಹೇಳಲಿಲ್ಲ. ಆದರೆ ಅವಳಿಗೆ ವಿಜ್ಞಾನ ಕಲಿಸಿದವಳು ನಾನೇ. ಆದ್ದರಿಂದ ಆ ಮಾತು ನನಗೆ ನಾಟಿತು. ಅವಳಿಗೆ ಅಂದು ಕೊಟ್ಟ ಉತ್ತರವನ್ನು ಸ್ವಲ್ಪ ವಿಸ್ತರಿಸಿ, ಹಳೆಯ ಕಥೆಯನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತುಳುನಾಡಿನಲ್ಲಿ ಕೆಡ್ಡಸವೆಂಬ ಆಚರಣೆಯಿರುವುದು ನಿಮಗೆಲ್ಲ ಗೊತ್ತು. ಮಕರ ಮಾಸದ ಕೊನೆಯಲ್ಲಿ, ಅಂದರೆ ಫೆಬ್ರವರಿಯ ಎರಡನೆಯ ವಾರದ ಆಸುಪಾಸಿನಲ್ಲಿ, ಭೂಮಿತಾಯಿ ಮೂರು ದಿನ ಮುಟ್ಟಾಗುತ್ತಾಳೆಂಬುದು ನಂಬಿಕೆ. ಆ ದಿನಗಳಲ್ಲಿ ನೆಲವನ್ನು ಅಗೆಯುವಂತಿಲ್ಲ, ಉಳುವಂತಿಲ್ಲ, ಆಕೆಗೆ ನೋವು ಮಾಡುವಂತಿಲ್ಲ. ಅಕ್ಕಿ ಮತ್ತು ಹುರುಳಿಯನ್ನು ಹುರಿದು ಬೆಲ್ಲ, ತೆಂಗಿನಕಾಯಿ ಬೆರೆಸಿದ ಕುಡುಅರಿಯನ್ನು ಹಂಚಿ ತಿನ್ನುತ್ತೇವೆ. ಕಡೆಯ ದಿನ ಮುತ್ತೈದೆಯರು ತುಳಸಿಕಟ್ಟೆಯ ಬಳಿ ಎಣ್ಣೆ, ಸೀಗೆ, ಅರಸಿನ, ಕುಂಕುಮಗಳನ್ನಿಟ್ಟು ನೆಲಕ್ಕೆ ಎಣ್ಣೆ ಬಿಟ್ಟು ಆಕೆಯ ಸ್ನಾನವನ್ನು ನೆರವೇರಿಸುತ್ತಾರೆ. ಒಡಿಶಾದ ರಜ ಪರ್ಬ, ಅಸ್ಸಾಮಿನ ಕಾಮಾಖ್ಯಾ ದೇವಾಲಯದ ಅಂಬುಬಾಚಿ ಕೂಡ ಇದೇ ಭಾವನೆಯ ಆಚರಣೆಗಳು. ಮುಟ್ಟು ಫಲವತ್ತತೆಯ ಸೂಚನೆ, ಆ ದಿನಗಳಲ್ಲಿ ದೇಹಕ್ಕೆ ವಿಶ್ರಾಂತಿ ಬೇಕು ಎಂಬ ತಿಳಿವಳಿಕೆ ನಮ್ಮ ಹಿರಿಯರಿಗಿತ್ತು.

ಭೂಮಿಗೆ ತೋರಿದ ಈ ಗೌರವ ಮನೆಯ ಹೆಣ್ಣುಮಕ್ಕಳಿಗೆ ಸಿಗಲಿಲ್ಲ. ಎಲ್ಲ ಜಾತಿಗಳಲ್ಲಿಯೂ ಒಂದೇ ರೀತಿ ಇರಲಿಲ್ಲವಾದರೂ, ನನ್ನ ಬಾಲ್ಯದಲ್ಲಿ ನಮ್ಮಂಥ ಮನೆಗಳಲ್ಲಿ ಮೂರು ದಿನ ‘ಹೊರಗೆ’ ಕೂರುವುದು ಕಡ್ಡಾಯವಾಗಿತ್ತು. ಬೇರೆ ಚಾಪೆ, ಬೇರೆ ತಟ್ಟೆ, ಜಗಲಿಯ ಮೂಲೆ. ಮಕ್ಕಳು ಕೇಳಿದರೆ “ಕಾಗೆ ಮುಟ್ಟಿದೆ” ಎಂಬ ಉತ್ತರ. ಯಾರೂ ಮುಟ್ಟಬಾರದ ದಿನಗಳಿಗೆ ನಮ್ಮ ಭಾಷೆಯಲ್ಲಿ ‘ಮುಟ್ಟು’ ಎಂದೇ ಹೆಸರು! ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಜನನ, ಮರಣ, ಜಾತಿ, ಉಚ್ಛಿಷ್ಟಗಳ ಜೊತೆಗೆ ರಜಸ್ಸಿನ ಸೂತಕವೂ ಆ ಐದರಲ್ಲಿ ಒಂದು. ಆದರೂ ಎಂಟು ಶತಮಾನಗಳ ಬಳಿಕ ಚಿತ್ರದುರ್ಗ, ತುಮಕೂರು ಕಡೆಯ ಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು ಊರ ಹೊರಗಿನ ಗುಡಿಸಲಿಗೆ ಕಳುಹಿಸುವುದು ನಿಂತಿರಲಿಲ್ಲ. 2017ರಲ್ಲಿ ನಮ್ಮ ವಿಧಾನಮಂಡಲವು ಅಮಾನವೀಯ ಅನಿಷ್ಟ ಪದ್ಧತಿಗಳ ವಿರುದ್ಧ ಅಂಗೀಕರಿಸಿದ ಕಾನೂನಿನಲ್ಲಿ ಇದನ್ನೂ ಸೇರಿಸಬೇಕಾಯಿತು.

ಇನ್ನು ಬಟ್ಟೆಯ ವಿಷಯ. ಹಳೆಯ ಹತ್ತಿ ಸೀರೆಯ ತುಂಡೇ ಆಗ ನಮ್ಮೆಲ್ಲರ ಆಧಾರ. ಮೆತ್ತಗಿನ ಹತ್ತಿ ಬಟ್ಟೆ ಕೆಟ್ಟದ್ದೇನಲ್ಲ. ಅದನ್ನು ಒಗೆದು ಒಣಗಿಸುವುದರಲ್ಲಿಯೇ ತೊಂದರೆಯೆಲ್ಲ ಇದ್ದದ್ದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ನಮ್ಮದು. ಆಟಿ ತಿಂಗಳಲ್ಲಿ ಉಟ್ಟ ಸೀರೆಯೇ ಒಣಗುವುದಿಲ್ಲ. ಅಂಥದ್ದರಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಹಟ್ಟಿಯ ಹಿಂದೆ, ಇನ್ನೊಂದು ಬಟ್ಟೆಯ ಅಡಿಯಲ್ಲಿ ಹರಡಿದ ತುಂಡು ಒಣಗುವುದೆಂತು? ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತಿತ್ತು, ಆದರೆ ಅಲ್ಲಿ ಮಡಿ. ಅರೆಬರೆ ಒಣಗಿದ ಬಟ್ಟೆಯನ್ನೇ ಮತ್ತೆ ಕಟ್ಟಿಕೊಳ್ಳುತ್ತಿದ್ದೆವು. ತೊಡೆಸಂದಿಯ ಹುಣ್ಣು, ತುರಿಕೆ, ಬಿಳುಪು ಇವನ್ನೆಲ್ಲ ಹೆಣ್ಣಿನ ಹಣೆಬರಹವೆಂದು ತಿಳಿದಿದ್ದೆವು. ಅವುಗಳಿಗೆ ತೇವವೂ ಕಾರಣ ಎಂದು ಯಾರೂ ಹೇಳಲಿಲ್ಲ. ಎಪ್ಪತ್ತರ ದಶಕದಲ್ಲಿ ನೈಲಾನ್, ಪಾಲಿಯೆಸ್ಟರ್ ಸೀರೆಗಳು ಬಂದವು. ಬೇಗ ಒಣಗುವ ಸೀರೆಯೆಂದು ಎಲ್ಲರಿಗೂ ಸಂತೋಷ. ಆದರೆ ಅವು ಹಳತಾದಾಗ ಈ ಕೆಲಸಕ್ಕೆ ಬರಲಿಲ್ಲ, ನೀರನ್ನೇ ಹೀರುತ್ತಿರಲಿಲ್ಲ.

ಆ ಕಾಲದಲ್ಲಿಯೇ ನಾನು ಅಧ್ಯಾಪಕಿಯಾದದ್ದು. ಶಾಲೆಯ ಹೆಸರು ಬೇಡ. ಹುಡುಗಿಯರಿಗೆ ಶೌಚಾಲಯವಿಲ್ಲದ ಶಾಲೆಗಳಲ್ಲಿ ಅದೂ ಒಂದು. ಹೊಳೆಯ ಆಚೆ ದಡದಿಂದ ದೋಣಿಯಲ್ಲಿ ದಾಟಿ ಬರುತ್ತಿದ್ದ ಒಬ್ಬಳು ಹುಡುಗಿ ಒಂಬತ್ತನೆಯ ತರಗತಿಯಲ್ಲಿದ್ದಳು. ಲೆಕ್ಕದಲ್ಲಿ ಬಹಳ ಚುರುಕು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಪ್ರತಿ ತಿಂಗಳೂ ಮೂರು ನಾಲ್ಕು ದಿನ ಗೈರುಹಾಜರಿ. ನಾನೂ ಹೆಣ್ಣು. ಆ ಗುರುತುಗಳ ಅರ್ಥ ನನಗೆ ಗೊತ್ತಾಗಬೇಕಿತ್ತು, ಗೊತ್ತೂ ಇತ್ತು. ಆದರೂ ಒಂದು ದಿನ ಇಡೀ ತರಗತಿಯ ಮುಂದೆ, “ಇನ್ನು ಮುಂದೆ ರಜೆ ಮಾಡಿದರೆ ಕಾರಣ ಬರೆಸಿ ತಂದೆಯ ಪತ್ರ ತರಬೇಕು” ಎಂದೆ. ನಿಯಮ ಎಲ್ಲರಿಗೂ ಒಂದೇ ಎಂಬ ಬಿಗುಮಾನ ನನಗೆ. ಅವಳು ತಲೆ ತಗ್ಗಿಸಿ ನಿಂತಳು. ಮುಂದಿನ ತಿಂಗಳು ರಜೆಯಾದವಳು ಮತ್ತೆ ಬರಲಿಲ್ಲ. ಮಳೆಗಾಲ, ಹೊಳೆ ತುಂಬಿದೆ, ಮನೆಯಲ್ಲಿ ಕಷ್ಟ ಎಂದು ಜೊತೆಯ ಮಕ್ಕಳು ಹೇಳಿದರು. ಅದೂ ನಿಜವಿರಬಹುದು. ಆದರೆ ತಂದೆಯ ಕೈಯಲ್ಲಿ ಆ ಕಾರಣವನ್ನು ಬರೆಸಿ ತಾ ಎಂದವಳು ನಾನು. ಅದೇ ವರ್ಷ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ “ಇದನ್ನು ಮನೆಯಲ್ಲಿ ಓದಿಕೊಳ್ಳಿ” ಎಂದು ಪುಟ ತಿರುಗಿಸಿದೆ. ಮುಂದೆಯೂ ಎಷ್ಟೋ ವರ್ಷ ಹಾಗೆಯೇ ತಿರುಗಿಸಿದೆ.

ಹೊರಗಿನ ಪ್ರಪಂಚದಲ್ಲಿ ಆ ವೇಳೆಗೆ ಬಹಳಷ್ಟು ನಡೆದುಹೋಗಿತ್ತು. ಮೊದಲ ಮಹಾಯುದ್ಧದಲ್ಲಿ ಗಾಯಗಳಿಗೆ ಕಟ್ಟಲು ಮರದ ತಿರುಳಿನಿಂದ ತಯಾರಿಸಿದ ಹೀರು ಬಟ್ಟೆಯನ್ನು ದಾದಿಯರು ತಮ್ಮ ಮುಟ್ಟಿಗೂ ಬಳಸಿಕೊಂಡರು. ಯುದ್ಧ ಮುಗಿದ ಮೇಲೆ ಅದೇ ವಸ್ತುವಿನಿಂದ 1920ರ ಸುಮಾರಿಗೆ ಅಮೆರಿಕದಲ್ಲಿ ಕೋಟೆಕ್ಸ್ ಪ್ಯಾಡುಗಳು ಬಂದವು. ಸೊಂಟಕ್ಕೆ ಪಟ್ಟಿ ಕಟ್ಟುವ ಕಾಟ ತಪ್ಪಿ, ಅಂಟಿಸುವ ಪ್ಯಾಡ್ ಬಂದದ್ದು 1970ರ ಹೊತ್ತಿಗೆ. ಲಿಯೋನಾ ಚಾಮರ್ಸ್ ಎಂಬ ಅಮೆರಿಕದ ನಟಿ ರಬ್ಬರಿನ ಮುಟ್ಟಿನ ಕಪ್ಪಿಗೆ 1937ರಷ್ಟು ಹಿಂದೆಯೇ ಪೇಟೆಂಟ್ ಪಡೆದಿದ್ದಳು. ನಮ್ಮ ಪೇಟೆಯ ಮದ್ದಿನ ಅಂಗಡಿಗಳಲ್ಲಿ ಪ್ಯಾಡನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಕಳ್ಳಮಾಲಿನಂತೆ ಕೈಗಿಡುತ್ತಿದ್ದ ಕಾಲ ನಿಮಗೆ ನೆನಪಿದೆಯಷ್ಟೆ. ಬೆಲೆ ಬಡವರಿಗೆ ನಿಲುಕುತ್ತಿರಲಿಲ್ಲ. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅವರು ಅಗ್ಗದ ಪ್ಯಾಡ್ ತಯಾರಿಸುವ ಸಣ್ಣ ಯಂತ್ರವನ್ನು ಕಂಡುಹಿಡಿದು, ಹಳ್ಳಿಯ ಮಹಿಳಾ ಸಂಘಗಳಿಗೂ ಆ ಕೆಲಸ ಸಾಧ್ಯವೆಂದು ತೋರಿಸಿದರು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. 2017ರಲ್ಲಿ ಪ್ಯಾಡಿನ ಮೇಲೆ ಹಾಕಿದ್ದ ಶೇಕಡಾ 12ರ ಜಿ.ಎಸ್.ಟಿ.ಯನ್ನು ಜನರ ಒತ್ತಾಯದಿಂದ 2018ರ ಜುಲೈಯಲ್ಲಿ ತೆಗೆದುಹಾಕಲಾಯಿತು.

ನಮ್ಮ ರಾಜ್ಯದಲ್ಲಿ 2013-14ರಲ್ಲಿ ‘ಶುಚಿ’ ಯೋಜನೆ ಬಂದು ಶಾಲೆಯ ಹುಡುಗಿಯರಿಗೆ ಉಚಿತ ಪ್ಯಾಡ್ ಸಿಗತೊಡಗಿತು. ನಡುವೆ ಕೆಲವು ವರ್ಷ ನಿಂತು 2024ರಲ್ಲಿ ಮತ್ತೆ ಆರಂಭವಾಯಿತು. ಮುಟ್ಟಿನ ಕಪ್ಪುಗಳನ್ನು ಹಂಚಿ ನೋಡಲು ಸರಕಾರವು 2022ರಲ್ಲಿ ಆರಿಸಿಕೊಂಡ ಎರಡು ಜಿಲ್ಲೆಗಳಲ್ಲಿ ಚಾಮರಾಜನಗರ ಒಂದು, ನಮ್ಮ ದಕ್ಷಿಣ ಕನ್ನಡ ಇನ್ನೊಂದು. ‘ನನ್ನ ಮೈತ್ರಿ’ ಎಂಬ ಹೆಸರಿನ ಆ ಯೋಜನೆಗೆ 2023ರಲ್ಲಿ ಮಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಭೂಮಿಗೆ ಕೆಡ್ಡಸ ಆಚರಿಸುವ ಜಿಲ್ಲೆಯಿಂದಲೇ ಇದು ಹೊರಟಿತೆಂಬುದು ನನಗೆ ಸಂತೋಷದ ಸಂಗತಿ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಯಾವುದು ಒಳ್ಳೆಯದು? ಶುಚಿಯಾಗಿ ಬಳಸಿದರೆ ಎಲ್ಲವೂ ಒಳ್ಳೆಯದೇ.

ಬಟ್ಟೆಯಾದರೆ ಹತ್ತಿಯದೇ ಇರಲಿ. ಸಾಬೂನಿನಲ್ಲಿ ಒಗೆದು ನೇರ ಬಿಸಿಲಿನಲ್ಲಿ, ನಾಚಿಕೆ ಬಿಟ್ಟು, ಒಣಗಿಸಬೇಕು. ಮಳೆಗಾಲದಲ್ಲಿ ಇಸ್ತ್ರಿ ಹಾಕಿ ತೇವ ತೆಗೆಯಬಹುದು. ಪ್ಯಾಡಾದರೆ ಸುವಾಸನೆಯದು ಬೇಡ. ಸುಗಂಧದಿಂದ ಪ್ರಯೋಜನವಿಲ್ಲ, ಕೆಲವರ ಚರ್ಮಕ್ಕೆ ಅದು ಆಗುವುದೂ ಇಲ್ಲ. ರಕ್ತ ಕಡಿಮೆಯಿದ್ದರೂ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಭಾರತೀಯ ಮಾನಕದಲ್ಲಿ ಬಿಸಾಡುವ ಪ್ಯಾಡಿಗೆ ಐ.ಎಸ್. 5405 ಎಂಬ ಸಂಖ್ಯೆಯಿದೆ, ಕೊಳ್ಳುವಾಗ ನೋಡಿಕೊಳ್ಳಬಹುದು. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಬೇಕು. ಅದರಲ್ಲಿ ಪ್ಲಾಸ್ಟಿಕ್ ಇದೆ, ನೇತ್ರಾವತಿಯೂ ಕುಮಾರಧಾರೆಯೂ ಅದನ್ನು ಕರಗಿಸಲಾರವು. ಕಪ್ಪು ವೈದ್ಯಕೀಯ ದರ್ಜೆಯ ಸಿಲಿಕೋನಿನದ್ದಾಗಿರಬೇಕು. ಪ್ರತಿ ಮುಟ್ಟಿನ ಮೊದಲೂ ಕೊನೆಯಲ್ಲಿಯೂ ಕುದಿಸಬೇಕು. ಕೈ ತೊಳೆದು ಹಾಕಬೇಕು, ಎಂಟರಿಂದ ಹನ್ನೆರಡು ಗಂಟೆಯೊಳಗೆ ಖಾಲಿ ಮಾಡಬೇಕು. ಜೋಪಾನ ಮಾಡಿದರೆ ಹಲವು ವರ್ಷ ಬಾಳುತ್ತದೆ. 2019ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದು 43 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಕಪ್ಪು ಸುರಕ್ಷಿತವೆಂಬ ತೀರ್ಮಾನವನ್ನು ಪ್ರಕಟಿಸಿತು. ಕನ್ಯತ್ವ ಹೋಗುತ್ತದೆಂಬ ಭಯಕ್ಕೆ ಅರ್ಥವಿಲ್ಲ. ಆದರೆ ಎಳೆಯ ಹುಡುಗಿಗೆ ಒಗ್ಗದಿದ್ದರೆ ಒತ್ತಾಯವೂ ಸಲ್ಲದು, ಪ್ಯಾಡಿನಿಂದಲೇ ಆರಂಭಿಸಲಿ. ಟ್ಯಾಂಪೂನನ್ನು ಎಂಟು ಗಂಟೆಗಿಂತ ಹೆಚ್ಚು ಹೊತ್ತು ಇಡಲೇಬಾರದು. 1980ರಲ್ಲಿ ಅಮೆರಿಕದಲ್ಲಿ ಅತಿಯಾಗಿ ಹೀರುವ ಟ್ಯಾಂಪೂನುಗಳಿಂದ ವಿಷಾಘಾತವಾಗಿ ಅನೇಕ ಹೆಂಗಸರು ಸತ್ತರು. ಏಳು ದಿನ ದಾಟಿ ಸ್ರಾವವಾದರೆ, ಗಂಟೆಗೊಂದು ಪ್ಯಾಡ್ ನೆನೆದರೆ, ಏಳಲಾಗದಷ್ಟು ನೋವಿದ್ದರೆ ಕಷಾಯ ಕುಡಿಸಿ ಮಲಗಿಸಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ನಮ್ಮ ರಾಜ್ಯದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ ಎಂಬುದನ್ನು ಮರೆಯಬಾರದು.

ಇಷ್ಟನ್ನು ಹೇಳಲು ಒಂದು ಪೀರಿಯಡ್ಡು ಸಾಕಾಗಿತ್ತು. ನಲವತ್ತೈದು ನಿಮಿಷ. ಹುಡುಗರೂ ಕುಳಿತು ಕೇಳಬಹುದಿತ್ತು. ಕೇಳಿದ್ದರೆ ಅವರ ಹೆಂಡತಿ, ಮಕ್ಕಳಿಗೆ ಒಳ್ಳೆಯದಾಗುತ್ತಿತ್ತು. 2025ರ ಅಕ್ಟೋಬರಿನಲ್ಲಿ ನಮ್ಮ ಸಚಿವ ಸಂಪುಟವು ದುಡಿಯುವ ಹೆಂಗಸರಿಗೆ ವರ್ಷಕ್ಕೆ ಹನ್ನೆರಡು ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ನೀಡಿದ ಸುದ್ದಿಯನ್ನು ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಆ ಹಾಜರಿ ಪುಸ್ತಕ.

ದೋಣಿಯಲ್ಲಿ ಬರುತ್ತಿದ್ದ ಆ ಹುಡುಗಿ ಈಗ ಅರವತ್ತು ದಾಟಿ ಅಜ್ಜಿಯಾಗಿರಬಹುದು. ಅವಳ ತರಗತಿಯ ಯಾರಾದರೂ ಇದನ್ನು ಓದಿ, ಅವಳ ಸುಳಿವು ಇದ್ದರೆ, ಟೀಚರು ಕ್ಷಮೆ ಕೇಳಿದರೆಂದು ತಿಳಿಸಿರಿ. ಪತ್ರ ತರಬೇಕಾಗಿಲ್ಲವೆಂದೂ ಹೇಳಿರಿ.